ಕಲ್ಲಿನ ಮುಖ: ಮುಂಬೈಯ ರಾಜಾಬಾಯಿ ಗೋಪುರ ಮತ್ತು ನಮ್ಮ ಮನೆಯ ಗೋಡೆ

ನಾನು ಒಕ್ಕಲುತನ ಮಾಡುವ ಮನುಷ್ಯ. ಸಂಜೀ ಮುಂದ ದಪ್ಪು ಹಿಡಿದು ಗೀಗೀ ಪದ, ಭಜನಿ ಪದ ಹಾಡಿಕೊಂಡು ಬಂದವ. ಶಾಲಿ ಏಳನೇ ಇಯತ್ತೆಗೆ ಮುಗೀತು. ವಾಚನಾಲಯದ ಹುಡುಗರು ಬಂದು "ಈ ಸಲದ ಪುಸ್ತಕಕ್ಕ ಇತಿಹಾಸದ ಮ್ಯಾಲ ಒಂದು ಲೇಖನ ಬರದು ಕೊಡ್ರಿ ಕಾಕಾ" ಅಂದಾಗ ನಕ್ಕೆ. ಇತಿಹಾಸ ಬರೆಯುವುದು ಮಾಸ್ತರರ ಕೆಲಸ. ಆದರೆ ಒಂದು ಕಟ್ಟಡದ ಇತಿಹಾಸ ಬಂದು ನನ್ನ ಮನಿ ಗೋಡೆಗೇ ತಾಕಿತು. ಅಷ್ಟನ್ನು ಮಾತ್ರ ಬರೀತೀನಿ ಅಂತ ಒಪ್ಪಿಕೊಂಡೆ. ತಪ್ಪಿದ್ದರೆ ಮಾಸ್ತರರು ತಿದ್ದಲಿ.

ಮೊದಲು ನನ್ನ ಗೋಡೆಯ ವಿಷಯ ಹೇಳಬೇಕು. ನಮ್ಮದು ಮುತ್ತ್ಯಾ ಕಟ್ಟಿಸಿದ ಮನಿ. ಓಣಿಯ ಕಡೆಗಿನ ಮುಖ ಸುಮಾರು 40 ಫೂಟು. ಎದೆಮಟ ಕರಿಕಲ್ಲು, ಅದರ ಮೇಲೆ ಸುಟ್ಟ ಇಟ್ಟಂಗಿ, ಸಂದಿಗೆಲ್ಲ ಸುಣ್ಣದ ಗಚ್ಚು. ಬಾಗಿಲ ಮೇಲಿನ ಕಲ್ಲಿಗೆ ಎರಡು ನವಿಲು, ನಡುವೆ ಕಮಲ. ಅಣ್ಣತಮ್ಮಂದಿರ ಹಿಸೆ ಆದಾಗ ಬಾಗಿಲಿನ ಬಲಕ್ಕೆ ನನ್ನದು, ಎಡಕ್ಕೆ ತಮ್ಮನದು ಅಂತ ಆಯಿತು. ಗೋಡೆ ಮಾತ್ರ ಒಂದೇ.

1993ರ ಸಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪ ಆಯಿತು. ಲಾತೂರು, ಉಸ್ಮಾನಾಬಾದ ಕಡೆ ಸಾವಿರಾರು ಜನ ಮಲಗಿದಲ್ಲೇ ಮಣ್ಣಾದರು. ಕಲ್ಲಿನ ಮನಿ ಬಿದ್ದು ಸತ್ತರು ಅಂತ ಸುದ್ದಿ ಬಂತು. ಅವತ್ತಿನಿಂದ ನಮ್ಮ ಕಡೆ ಕಲ್ಲಿನ ಗೋಡೆ ಅಂದರೆ ಜನ ಅಂಜಲಿಕ್ಕೆ ಹತ್ತಿದರು. ನಾನೂ ಅಂಜಿದೆ. ಮರುವರ್ಷ, 1994ರಾಗ, ಕಬ್ಬಿನ ಬಿಲ್ಲು ಬಂದ ಕೂಡಲೆ ಒಬ್ಬ ಗವಂಡಿಯನ್ನು ಕರೆಸಿ ನನ್ನ ಹಿಸೆಯ ಗೋಡೆಗೆ ಸಿಮೆಂಟು ಮಾಡಿಸಿದೆ. ಕಲ್ಲಿನ ಸಂದಿಯೊಳಗಿನ ಸುಣ್ಣ ಕೆದರಿ ಸಿಮೆಂಟು ತುಂಬಿದ. ಇಟ್ಟಂಗಿ ಮೇಲೆ ಸಿಮೆಂಟಿನ ಗಿಲಾವು ಎಳೆದ. ಅದರ ಮೇಲೆ ನೀಲಿ ಆಯಿಲ್ ಪೇಂಟು. ತಮ್ಮನ ಬೋರ್‌ವೆಲ್ ಅದೇ ವರ್ಷ ಕೈಕೊಟ್ಟಿತ್ತು. ಅವನ ಹತ್ತಿರ ರೊಕ್ಕ ಇರಲಿಲ್ಲ, ಅವನ ಅರ್ಧ ಹಾಗೇ ಉಳೀತು. ನಾನು ಓಣಿಯಾಗ ನಿಂತು ನನ್ನ ಅರ್ಧ ನೋಡಿ ಮೀಸಿ ತಿರುವಿದ್ದು ಈಗಲೂ ನೆನಪೈತಿ.

ಇನ್ನು ಮುಂಬೈ. 2014ರಾಗ ಅಲ್ಲಿಯ ಕನ್ನಡ ಮಂದಿ ಒಂದು ಕಾರ್ಯಕ್ರಮಕ್ಕೆ ನಮ್ಮ ಮೇಳವನ್ನು ಕರೆಸಿದ್ದರು. ಮಿರಜಿನಿಂದ ರಾತ್ರಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಿ ಮುಂಜಾನೆ ಇಳಿದೆವು. ಹಾಡು ಸಂಜೆಗೆ ಇತ್ತು. ಹಗಲೆಲ್ಲ ಕೋಟೆ ಭಾಗ ನೋಡೋಣ ಅಂತ ಓವಲ್ ಮೈದಾನಕ್ಕೆ ಬಂದೆವು. ಮೈದಾನದ ಒಂದು ಬದಿಗೆ ಹೈಕೋರ್ಟು, ಅದರ ಪಕ್ಕಕ್ಕೆ ಮುಂಬೈ ವಿಶ್ವವಿದ್ಯಾಲಯ. ಆ ವಿಶ್ವವಿದ್ಯಾಲಯದ ಗ್ರಂಥಾಲಯದ ನೆತ್ತಿಯಿಂದ ಒಂದು ಗೋಪುರ ಮ್ಯಾಲಕ್ಕೆ ಹೋಗೈತಿ. ಅದೇ ರಾಜಾಬಾಯಿ ಗೋಪುರ. ಎತ್ತರ 280 ಫೂಟು. ನಮ್ಮ ವಿಜಾಪುರದ ಗೋಳಗುಮ್ಮಟ ನೋಡಿದವರಿಗೆ ಅಂದಾಜು ಸಿಗಲಿ ಅಂತ ಹೇಳ್ತೀನಿ: ಅದು ಸುಮಾರು 198 ಫೂಟು. ಅಂದರೆ ಗೋಳಗುಮ್ಮಟದ ನೆತ್ತಿ ಮೇಲೆ ಮತ್ತೆ 80 ಫೂಟು ಇಟ್ಟಷ್ಟು. ಕಟ್ಟಿದ ಕಾಲಕ್ಕೆ ಮುಂಬೈಯಾಗ ಅದಕ್ಕಿಂತ ಎತ್ತರದ ಕಟ್ಟಡ ಇರಲಿಲ್ಲ.

ನಾವು ಹೋದಾಗ ಗೋಪುರಕ್ಕೆ ಪರಾಂಚಿ ಕಟ್ಟಿದ್ದರು. ಅಷ್ಟು ದೊಡ್ಡ ಮೈಗೆ ಪಟ್ಟಿ ಕಟ್ಟಿದಂಗ ಕಾಣತಿತ್ತು. ನಮ್ಮ ಮೇಳದ ಹುಡುಗನೊಬ್ಬ "ಕಾಕಾ, ಮುದುಕೀಗೆ ದವಾಖಾನಿ ತೋರಸ್ಯಾರ" ಅಂದ. ಕೇಳಿದರೆ, ಗೋಪುರದ ಕಲ್ಲಿನ ಮುಖ ಸರಿಪಡಿಸುವ ಕೆಲಸ ನಡೆದೈತಿ ಅಂತ ತಿಳೀತು. ಕೆಡವಿ ಹೊಸದು ಕಟ್ಟೂದಲ್ಲ, ಬಣ್ಣ ಬಳಿಯೂದೂ ಅಲ್ಲ. ಇದ್ದ ಕಲ್ಲನ್ನೇ ಮೊದಲಿನ ಹಂಗ ಮಾಡೂದು. ಇದಕ್ಕೆ ವರ್ಷಗಟ್ಟಲೆ ಯಾಕೆ ಹಿಡೀತೈತಿ ಅಂತ ನನಗೆ ಆಗ ತಿಳೀಲಿಲ್ಲ. ಊರಿಗೆ ಬಂದ ಮ್ಯಾಲ ಮಾಸ್ತರರನ್ನು ಕೇಳಿ, ವಾಚನಾಲಯದ ಮರಾಠಿ ಪುಸ್ತಕ ತಿರುವಿ, ಮೊಮ್ಮಗಳ ಮೊಬೈಲಿನಾಗ ಓದಿಸಿ ತಿಳಕೊಂಡೆ.

ಈ ಗೋಪುರ ಕಟ್ಟಿಸಲಿಕ್ಕೆ ರೊಕ್ಕ ಕೊಟ್ಟವರು ಪ್ರೇಮಚಂದ ರಾಯಚಂದ ಎಂಬ ಜೈನ ವ್ಯಾಪಾರಿ. ಹತ್ತಿ ವ್ಯಾಪಾರದಾಗ, ಶೇರು ವ್ಯಾಪಾರದಾಗ ಅವರ ಹೆಸರು ದೊಡ್ಡದು. ಮುಂಬೈ ಶೇರು ಬಾಜಾರ ಕಟ್ಟಿದವರಲ್ಲಿ ಅವರೂ ಒಬ್ಬರು. ಅವರ ಕೈಗೆ ಅಷ್ಟು ರೊಕ್ಕ ಹೇಗೆ ಬಂತು ಎಂಬುದು ನಮ್ಮ ಒಕ್ಕಲಿಗರಿಗೆ ಗೊತ್ತಿರಬೇಕಾದ ಮಾತು. 1861ರಿಂದ 1865ರ ತನಕ ಅಮೇರಿಕಾದಾಗ ಅವರವರಲ್ಲೇ ಯುದ್ಧ ನಡೀತು. ಇಂಗ್ಲಂಡಿನ ಗಿರಣಿಗಳಿಗೆ ಅಲ್ಲಿಂದ ಬರುವ ಹತ್ತಿ ನಿಂತಿತು. ಆಗ ಇಂಗ್ಲಿಷರು ಹಿಂದೂಸ್ತಾನದ ಹತ್ತಿಗೆ ಮುಗಿಬಿದ್ದರು. ಗುಜರಾತ, ಖಾನದೇಶ, ವರ್‍ಹಾಡ, ನಮ್ಮ ಧಾರವಾಡದ ಕರಿ ನೆಲ, ಎಲ್ಲಾ ಕಡೆಯ ಹತ್ತಿಗೂ ಬಂಗಾರದ ಬೆಲೆ ಬಂತು. ಆ ಹಣ ಮುಂಬೈಗೆ ಹೊಳಿಯಂಗ ಹರೀತು. ಯುದ್ಧ ಮುಗಿದ ಕೂಡಲೆ 1865ರಾಗ ಹತ್ತಿ ಬೆಲೆ ಕುಸೀತು, ಬ್ಯಾಂಕು ಮುಳುಗಿದವು, ಪ್ರೇಮಚಂದರಿಗೂ ದೊಡ್ಡ ಪೆಟ್ಟು ಬಿತ್ತು. ಆದರೆ ಅದಕ್ಕಿಂತ ಮೊದಲೇ ಅವರು ವಿಶ್ವವಿದ್ಯಾಲಯಕ್ಕೆ ನಾಕು ಲಕ್ಷ ರೂಪಾಯಿ ಕೊಟ್ಟಾಗಿತ್ತು. ಗ್ರಂಥಾಲಯಕ್ಕೆ ಎರಡು ಲಕ್ಷ, ಗೋಪುರಕ್ಕೆ ಎರಡು ಲಕ್ಷ. ಗೋಪುರಕ್ಕೆ ತಮ್ಮ ತಾಯಿ ರಾಜಾಬಾಯಿಯ ಹೆಸರು ಇಡಬೇಕು ಅಂತ ಕೇಳಿಕೊಂಡಿದ್ದರು. ಆ ತಾಯಿಗೆ ಕಣ್ಣು ಕಾಣತಿರಲಿಲ್ಲ, ಜೈನರ ಪದ್ಧತಿಯಂತೆ ಹೊತ್ತು ಮುಳುಗುವ ಮೊದಲು ಊಟ ಮಾಡಬೇಕು, ಗಂಟೆ ಕೇಳಿ ಹೊತ್ತು ತಿಳಿಯಲಿ ಅಂತ ಮಗ ಗೋಪುರ ಕಟ್ಟಿಸಿದ ಅಂತ ಜನ ಹೇಳ್ತಾರ. ಹಾಡುವವನಿಗೆ ಇಂಥ ಕಥೆ ಬಿಟ್ಟು ಮುಂದ ಹೋಗಲಿಕ್ಕೆ ಆಗೂದಿಲ್ಲ.

ನಕ್ಷೆ ತೆಗೆದವರು ಇಂಗ್ಲಂಡಿನ ಸರ್ ಜಾರ್ಜ್ ಗಿಲ್ಬರ್ಟ್ ಸ್ಕಾಟ್. ಅವರು ಲಂಡನ್ನಿನಲ್ಲೇ ಕೂತು ನಕ್ಷೆ ಕಳಿಸಿದರು, ಒಮ್ಮೆಯೂ ಮುಂಬೈಗೆ ಬಂದವರಲ್ಲ. 1869ರ ಮಾರ್ಚ್ 1ರಂದು ಪಾಯ ಹಾಕಿದರು, 1878ರ ನವೆಂಬರಿನಲ್ಲಿ ಕೆಲಸ ಮುಗೀತು. ಖರ್ಚು ಸುಮಾರು ಐದೂವರೆ ಲಕ್ಷ. ಕಲ್ಲು ಮಾತ್ರ ಅಲ್ಲಿಯದೇ. ಕುರ್ಲಾ ಕಡೆ ಸಿಗುವ ನಸುಹಳದಿ ಬಣ್ಣದ ಕಲ್ಲು. ಕೆಳಗೆ ಚೌಕ, ಮೇಲೆ ಎಂಟು ಮೂಲೆ, ಅದರ ಮೇಲೆ ಶಿಖರ. ನಡುನಡುವೆ ಗೂಡು ಮಾಡಿ, ಪಶ್ಚಿಮ ಭಾರತದ ಬೇರೆಬೇರೆ ಜಾತಿಯ ಜನರ ಮೂರ್ತಿ ನಿಲ್ಲಿಸ್ಯಾರ. ರಾಜರ ಮೂರ್ತಿ ಅಲ್ಲ, ದೇವರ ಮೂರ್ತಿ ಅಲ್ಲ, ನಮ್ಮ ನಿಮ್ಮಂಥ ಮಂದಿಯವು. ಆ ಮೂರ್ತಿಗಳನ್ನು ರೂಪಿಸಿದವರು ರಾವ್ ಬಹಾದ್ದೂರ್ ಮುಕುಂದ ರಾಮಚಂದ್ರ ಎಂಬ ನಮ್ಮ ದೇಶದ ಎಂಜಿನಿಯರು. ಹಿಂದಕ್ಕೆ ಆ ಗೋಪುರದ ಗಂಟೆಗಳು 16 ಧಾಟಿ ನುಡಿಸುತ್ತಿದ್ದವಂತೆ, ಹೊತ್ತಿಗೊಂದು ಧಾಟಿ. ಇಂಗ್ಲಿಷರ ರಾಣಿಯನ್ನು ಹೊಗಳುವ ಹಾಡೂ ಅದರಾಗ ಇತ್ತು. ಈಗ ಕಾಲು ತಾಸಿಗೊಮ್ಮೆ ಒಂದೇ ಧಾಟಿ.

ನಕ್ಷೆಯವರ ಹೆಸರು ಉಳೀತು, ರೊಕ್ಕ ಕೊಟ್ಟವರ ತಾಯಿಯ ಹೆಸರು ಉಳೀತು. ಒಂಬತ್ತು ವರ್ಷ ಬಿಸಿಲಿನಾಗ ಕೂತು ಉಳಿ ಹೊಡೆದವರ ಹೆಸರು ಗೋಡೆಯ ಮೇಲೆ ಇಲ್ಲ. ಅವರದು ಅಂತ ಉಳಿದದ್ದು ಆ ಕಲ್ಲಿನ ಮುಖ ಒಂದೇ. ಅದನ್ನು ಕಾಯೂದು ಅಂದರೆ ಅವರ ಕೈ ಕೆಲಸ ಕಾಯೂದು ಅಂತ ನಾನು ತಿಳಕೊಂಡೀನಿ.

ಕಲ್ಲು ಗಟ್ಟಿ ಇದ್ದ ಮ್ಯಾಲ ಮುಖ ಯಾಕೆ ಕೆಡತೈತಿ ಅಂತ ನೀವು ಕೇಳಬಹುದು. ನಾನೂ ಕೇಳಿದೆ. ನಮ್ಮ ಮಿರಜ ಭಾಗದಾಗ ವರ್ಷಕ್ಕೆ 25 ಇಂಚಿನ ಆಸುಪಾಸು ಮಳಿ. ಮುಂಬೈಯಾಗ 80 ಇಂಚಿನ ಮೇಲೆ. ಅದರ ಜೊತೆಗೆ ಸಮುದ್ರದ ಉಪ್ಪುಗಾಳಿ. ಗೋಪುರ ಕಟ್ಟಿದಾಗ ಸಮುದ್ರ ಇನ್ನೂ ಹತ್ತಿರ ಇತ್ತು, ಆಮೇಲೆ ಅದನ್ನು ತುಂಬಿ ನೆಲ ಮಾಡಿದರು. ಮಳಿ ನೀರು ಸಂದಿಯೊಳಗಿನ ಸುಣ್ಣವನ್ನು ವರ್ಷ ವರ್ಷ ಸ್ವಲ್ಪ ತೊಳೀತೈತಿ. ಸಂದಿ ಬಾಯಿ ಬಿಟ್ಟಲ್ಲಿ ಹಕ್ಕಿ ಹಿಕ್ಕೆ ಹಾಕತೈತಿ, ಹಿಕ್ಕೆಯೊಳಗಿನ ಆಲದ ಬೀಜ, ಅರಳಿ ಬೀಜ ಮೊಳೀತೈತಿ. ಬೇರು ದಪ್ಪ ಆದಂಗ ಕಲ್ಲನ್ನೇ ಹೊರಕ್ಕೆ ದೂಡತೈತಿ. ಹಳೇ ಕಟ್ಟಡದಾಗ ಕಲ್ಲಿಗೆ ಕಲ್ಲು ಹಿಡಿಸಲಿಕ್ಕೆ ಕಬ್ಬಿಣದ ಕೊಂಡಿ ಹಾಕಿರತಾರ. ಅದಕ್ಕೆ ನೀರು ತಾಕಿ ತುಕ್ಕು ಹಿಡಿದರೆ ಕಬ್ಬಿಣ ಉಬ್ಬತೈತಿ, ಉಬ್ಬಿ ಕಲ್ಲನ್ನು ಒಳಗಿನಿಂದ ಸೀಳತೈತಿ. ಇದೆಲ್ಲದರ ಮೇಲೆ ಗಾಡಿ ಮೋಟಾರದ ಹೊಗೆಯ ಕರಿ. ಹಳದಿ ಕಲ್ಲು ಹೋಗಿ ಒಲಿಯ ಹಿಂದಿನ ಗೋಡೆಯಂಗ ಆಗತೈತಿ.

ಎತ್ತರದ ಕಟ್ಟಡದಾಗ ಇದು ಬರೀ ಚೆಂದದ ಮಾತಲ್ಲ, ಜೀವದ ಮಾತು. ಅಮೇರಿಕಾದ ನ್ಯೂಯಾರ್ಕಿನಾಗ 1979ರಲ್ಲಿ ಹಳೇ ಕಟ್ಟಡವೊಂದರ ಮುಖದಿಂದ ತುಂಡು ಬಿದ್ದು, ಕೆಳಗೆ ನಡೆದು ಹೊಂಟಿದ್ದ ಕಾಲೇಜು ಹುಡುಗಿಯೊಬ್ಬಳು ಸತ್ತಳು. ಮರುವರ್ಷವೇ ಅಲ್ಲಿ ಕಾಯಿದೆ ಬಂತು: ಆರು ಅಂತಸ್ತಿಗಿಂತ ಎತ್ತರದ ಕಟ್ಟಡಗಳ ಮುಖವನ್ನು ಐದು ವರ್ಷಕ್ಕೊಮ್ಮೆ ಬಲ್ಲವರು ಪರೀಕ್ಷೆ ಮಾಡಲೇಬೇಕು. ಆಕಾಶ ಮುಟ್ಟುವ ಕಟ್ಟಡ ಕಟ್ಟೂದರಾಗ ಜಗತ್ತಿಗೇ ಮುಂದಿದ್ದ ಊರಿಗೂ, ಕಟ್ಟಿದ್ದನ್ನು ನೋಡಿಕೋಬೇಕು ಅಂತ ತಿಳೀಲಿಕ್ಕೆ ಒಂದು ಹುಡುಗಿಯ ಜೀವ ಹೋಗಬೇಕಾಯಿತು. ಮುಂಬೈಯಾಗ 1995ರಲ್ಲಿ ಪರಂಪರೆಯ ಕಟ್ಟಡಗಳ ಯಾದಿ ಮಾಡಿ, ಅವುಗಳ ಮುಖ ಮನಸ್ಸಿಗೆ ಬಂದಂಗ ಬದಲಿಸಬಾರದು ಅಂತ ನಿಯಮ ತಂದರು. ರಾಜಾಬಾಯಿ ಗೋಪುರ ಅದರಾಗ ಮೊದಲನೇ ದರ್ಜೆಯದು.

ಗೋಪುರದ ದುರಸ್ತಿ 2013ರಿಂದ 2015ರ ವರೆಗೆ ನಡೀತು. ಟಾಟಾ ಕನ್ಸಲ್ಟನ್ಸಿ ಸರ್ವಿಸಸ್ ಕಂಪನಿ ಸುಮಾರು ನಾಕು ಕೋಟಿ ರೂಪಾಯಿ ಕೊಟ್ಟಿತು. ಇಂಡಿಯನ್ ಹೆರಿಟೇಜ್ ಸೊಸೈಟಿ ಮುಂದೆ ನಿಂತಿತು. ಕೆಲಸದ ಹೊಣೆ ಬೃಂದಾ ಸೋಮಯಾ ಎಂಬ ವಾಸ್ತುಶಿಲ್ಪಿ ಬಾಯಿಯವರದು. ಕಲ್ಲಿನ ಮುಖದ ಜೊತೆಗೆ ಗ್ರಂಥಾಲಯದ ಬಣ್ಣದ ಗಾಜಿನ ಕಿಟಕಿಗಳನ್ನೂ ಸರಿಪಡಿಸಿದರು. ಕಟ್ಟಲಿಕ್ಕೆ ಐದೂವರೆ ಲಕ್ಷ, ದುರಸ್ತಿಗೆ ನಾಕು ಕೋಟಿ. ಕಾಲ ಬದಲಾಗೈತಿ, ರೂಪಾಯಿ ಬೆಲೆ ಬದಲಾಗೈತಿ, ಎರಡನ್ನೂ ಒಂದೇ ತಕ್ಕಡಿಯಾಗ ತೂಗಬಾರದು. ಆದರೂ ದುರಸ್ತಿ ಅಂದರೆ ಕಟ್ಟಿದ್ದಕ್ಕಿಂತ ಸಣ್ಣ ಕೆಲಸ ಅಂತ ನಾವು ತಿಳಿಯೂದು ತಪ್ಪು. 2018ರಾಗ ಯುನೆಸ್ಕೋದವರು ಓವಲ್ ಮೈದಾನದ ಸುತ್ತಲಿನ ಮತ್ತು ಮರೀನ್ ಡ್ರೈವಿನ 94 ಕಟ್ಟಡಗಳನ್ನು ಒಟ್ಟಿಗೆ ವಿಶ್ವ ಪರಂಪರೆಯ ಯಾದಿಗೆ ಸೇರಿಸಿದರು. ಈ ಗೋಪುರವೂ ಅದರಾಗ ಒಂದು.

ಈಗ ಕೆಲಸದ ರೀತಿ ಹೇಳ್ತೀನಿ. ಇದನ್ನು ನನಗೆ ತಿಳಿಸಿ ಹೇಳಿದವ ಪುಸ್ತಕದವ ಅಲ್ಲ. ಅವತ್ತು ಮೈದಾನದ ಹೊರಗೆ ಚಹಾದ ಗಾಡಿ ಹತ್ತಿರ ನಾವು ಕನ್ನಡದಾಗ ಮಾತಾಡೂದು ಕೇಳಿ, ಒಬ್ಬ ನಡುವಯಸ್ಸಿನ ಗವಂಡಿ "ಯಾವೂರ್ರಿ ನಿಮ್ಮದು?" ಅಂತ ಬಂದ. ಸಿಂದಗಿ ಕಡೆಯವ. ಮುಂಬೈಯಾಗ ಹಳೇ ಕಲ್ಲಿನ ಕಟ್ಟಡಗಳ ಕೆಲಸ ಮಾಡಿ ಇಪ್ಪತ್ತು ವರ್ಷ ಆಗಿತ್ತಂತೆ. ಅವನಿಗೆ ಎರಡು ಚಹಾ ಕುಡಿಸಿ ಒಂದು ತಾಸು ಕೇಳಿದೆ.

"ಮೊದಲನೇ ಕೆಲಸ ನೋಡೂದ್ರಿ" ಅಂದ. ಯಾವ ಕಲ್ಲು ಸಡಿಲ, ಯಾವುದು ಬಿರುಕು, ಎಲ್ಲಿ ನೀರು ಒಳಗೆ ಹೋಗತೈತಿ, ಒಂದೊಂದು ಕಲ್ಲಿಗೂ ಗುರುತು ಹಾಕಿ ನಕ್ಷೆ ಬರೀತಾರ. ಸಣ್ಣ ಸುತ್ತಿಗಿಯಿಂದ ಬಡಿದು ದನಿ ಕೇಳತಾರ. ಗಟ್ಟಿ ಕಲ್ಲು ಗಂಟಿಯಂಗ ನುಡಿತೈತಿ, ಒಳಗೆ ಬಿಟ್ಟುಕೊಂಡಿದ್ದರೆ ಒಡಕು ಕೊಡದ ದನಿ. ನನ್ನ ದಪ್ಪಿನ ಚರ್ಮ ಸಡಿಲಾದರೆ ನಾನೂ ಹಂಗೇ ಕಂಡುಹಿಡೀತೀನಿ.

ಎರಡನೇದು ತೊಳೆಯೂದು. ಇಲ್ಲಿ ಅವಸರ ಮಾಡಿದವ ಕೆಟ್ಟ. ಆ್ಯಸಿಡ್ ಸುರಿದರೆ, ಉಸುಕು ರಭಸದಿಂದ ಹೊಡೆದರೆ ಕಲ್ಲು ಒಂದೇ ದಿನದಾಗ ಹೊಳೀತೈತಿ. ಆದರೆ ಮೇಲಿನ ಗಟ್ಟಿ ಪದರು ಹೋಗಿ, ಕೆತ್ತನೆಯ ಮೂಗು ಕಿವಿ ಸವೆದು, ಮುಂದಿನ ಹತ್ತು ವರ್ಷದಾಗ ಮೊದಲಿಗಿಂತ ಜಾಸ್ತಿ ಹೊಲಸು ಹಿಡೀತೈತಿ. ಮೆತ್ತಗಿನ ಬ್ರಷ್ಷು, ಹದವಾದ ನೀರು, ತಾಳ್ಮೆ, ಇಷ್ಟೇ ಬೇಕು. ಕಲ್ಲಿನ ವಯಸ್ಸಿನ ಬಣ್ಣ ಉಳೀಬೇಕು, ಹೊಲಸು ಅಷ್ಟೇ ಹೋಗಬೇಕು. ಗಿಡ ಕಂಡರೆ ಎಳೆದು ಕಿತ್ತಬಾರದು. ಮೊದಲು ಬುಡ ಕೊಯ್ದು ಬೇರು ಸಾಯುವಂತೆ ಔಷಧಿ ಹಚ್ಚಿ, ಒಣಗಿದ ಮೇಲೆ ತೆಗೀಬೇಕು. ಹಸಿ ಬೇರು ಎಳೆದರೆ ಕಲ್ಲೂ ಸಂಗಾಟ ಬರತೈತಿ.

ಮೂರನೇದು ಸಂದಿ. ಇದೇ ಎಲ್ಲದಕ್ಕಿಂತ ದೊಡ್ಡ ಮಾತು. "ನಡುವೆ ಯಾರ್‍ಯಾರೋ ಸಿಮೆಂಟು ತುಂಬಿರತಾರ್ರಿ, ಅದನ್ನ ಉಳಿಯಿಂದ ಬಿಡಿಸಿ ತೆಗೆದು ಮತ್ತ ಸುಣ್ಣ ತುಂಬೂದೇ ನಮ್ಮ ಅರ್ಧ ಕೆಲಸ" ಅಂದ. ನನ್ನ ಕೈಯಾಗಿನ ಚಹಾ ಅಲ್ಲೇ ನಿಂತಿತು. ಯಾಕೆ ಅಂತ ಕೇಳಿದೆ. ಅವ ಹೇಳಿದ್ದನ್ನು ನಮ್ಮ ಒಕ್ಕಲುತನದ ಮಾತಿನಾಗ ಹೇಳ್ತೀನಿ.

ಕೃಷ್ಣಾ ದಂಡಿಯಲ್ಲಿ ಕಬ್ಬಿಗೆ ಅತಿ ನೀರು ಹಾಯಿಸಿ ಸವಳು ಮಾಡಿಕೊಂಡ ಹೊಲ ಎಲ್ಲರೂ ನೋಡೀರಿ. ನೀರು ಕೆಳಗೆ ಬಸಿಯಲಿಕ್ಕೆ ದಾರಿ ಇಲ್ಲದಾಗ ಮ್ಯಾಲಕ್ಕೆ ಏರತೈತಿ, ಬಿಸಿಲಿಗೆ ನೀರು ಹಾರಿಹೋಗಿ ಉಪ್ಪು ಉಳೀತೈತಿ. ಗೋಡೆಯಾಗೂ ಹಂಗೇ. ಪಾಯದಿಂದ, ಮಳಿಯಿಂದ ಗೋಡೆಯೊಳಗೆ ನೀರು ಬಂದೇ ಬರತೈತಿ. ಸುಣ್ಣದ ಸಂದಿ ಮೆತ್ತಗ, ಅದಕ್ಕೆ ಸಣ್ಣ ಸಣ್ಣ ರಂಧ್ರ. ಒಳಗಿನ ನೀರು ಸಂದಿಯ ಮೂಲಕವೇ ಹೊರಗೆ ಉಸಿರಾಡಿ ಒಣಗತೈತಿ. ಉಪ್ಪು ಬಂದರೂ ಸಂದಿಯ ಸುಣ್ಣ ಉದುರತೈತಿ, ಕಲ್ಲಿಗೆ ಏನೂ ಆಗೂದಿಲ್ಲ. ಐವತ್ತು ವರ್ಷಕ್ಕೊಮ್ಮೆ ಸುಣ್ಣ ತುಂಬಿದರೆ ಮುಗೀತು. ಸಿಮೆಂಟು ತುಂಬಿದರೆ ಆ ದಾರಿ ಬಂದ್. ನೀರು ಕಲ್ಲಿನ, ಇಟ್ಟಂಗಿಯ ಮೈಯಿಂದಲೇ ಹೊರಗೆ ಬರಲಿಕ್ಕೆ ನೋಡತೈತಿ. ಅಲ್ಲೇ ಉಪ್ಪು ಗಟ್ಟಿಯಾಗಿ ಮುಖವನ್ನು ಒಳಗಿನಿಂದ ಒಡೆದು ಚಕ್ಕಳಿ ಏಳಿಸತೈತಿ. ಗಟ್ಟಿ ಇರಲಿ ಅಂತ ಹಾಕಿದ ಸಿಮೆಂಟು ಉಳೀತೈತಿ, ಅದು ಕಾಯಬೇಕಾಗಿದ್ದ ಕಲ್ಲು ಹೋಗತೈತಿ.

ಸುಣ್ಣ ಅಂದರೆ ಏನು ಅಂತ ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಸುಣ್ಣದ ಕಲ್ಲನ್ನು ಭಟ್ಟಿಯಾಗ ಸುಮಾರು 900 ಡಿಗ್ರಿ ಕಾವಿಗೆ ಸುಡತಾರ. 100 ಕಿಲೋ ಒಳ್ಳೇ ಕಲ್ಲು ಸುಟ್ಟರೆ 56 ಕಿಲೋ ಸುಣ್ಣ ಉಳೀತೈತಿ, ಉಳಿದದ್ದು ಇಂಗಾಲದ ಗಾಳಿಯಾಗಿ ಹೋಗತೈತಿ. ಅದಕ್ಕೆ ನೀರು ಹಾಕಿ ಅರಳಿಸಿ, ಉಸುಕು, ಇಟ್ಟಂಗಿ ಪುಡಿ ಕೂಡಿಸಿ, ಎತ್ತು ಕಟ್ಟಿದ ಗಾಣದಾಗ ಅರೀತಿದ್ದರು. ಬೆಲ್ಲದ ನೀರು, ಅಳಲೆಕಾಯಿ ರಸ ಹಾಕತಿದ್ದರು. ಅದು ಗೋಡೆಯೊಳಗೆ ಹೋದ ಮೇಲೆ ನಿಧಾನಕ್ಕೆ ಅದೇ ಇಂಗಾಲದ ಗಾಳಿ ಕುಡಿದು ಮತ್ತೆ ಸುಣ್ಣದ ಕಲ್ಲೇ ಆಗತೈತಿ. ಕಲ್ಲು ಬೆಂಕಿಗೆ ಹೋಗಿ, ನೀರಿಗೆ ಹೋಗಿ, ಗಾಳಿ ಕುಡಿದು ತಿರುಗಿ ಕಲ್ಲಾಗಿ ಮನಿಗೆ ಬಂದಂಗ. ಇಂಗ್ಲಂಡಿನವನೊಬ್ಬ ಪೋರ್ಟ್‌ಲಂಡ್ ಸಿಮೆಂಟಿಗೆ ಹಕ್ಕು ಪಡೆದದ್ದು 1824ರಾಗ. ಅದಕ್ಕಿಂತ ಮೊದಲಿನ ನಮ್ಮ ಗುಡಿ, ಮಸೂತಿ, ಕೋಟೆ, ವಾಡೆಗಳ ಗಾರೆಯಾಗ ಆ ಸಿಮೆಂಟಿನ ಒಂದು ಹಿಡಿಯೂ ಇಲ್ಲ.

ಸಿಮೆಂಟು ಅಂದರೆ ವಿಷ ಅಂತ ನಾನು ಹೇಳೂದಿಲ್ಲ. ನಮ್ಮ ಬ್ಯಾರೇಜು, ಕಾಲುವೆ, ಪಂಪ್‌ಹೌಸು ಎಲ್ಲಾ ಅದರಾಗೇ ನಿಂತಾವು. 1656ರಾಗ ತೀರಿಕೊಂಡ ಮುಹಮ್ಮದ ಆದಿಲಶಾಹನ ಗೋಳಗುಮ್ಮಟದ ಮೇಲಿನ ಗುಮ್ಮಟ ಇಟ್ಟಂಗಿ ಮತ್ತು ಸುಣ್ಣದ್ದು. 280 ವರ್ಷದ ಮೇಲೆ ಅದರ ಹೊರಮೈ ಬಿರುಕು ಬಿಟ್ಟಾಗ, 1936-37ರಾಗ ಉಕ್ಕಿನ ಜಾಳಿಗೆ ಹಾಸಿ ಅದರ ಮೇಲೆ ಸಿಮೆಂಟಿನ ಗಾರೆಯನ್ನು ಯಂತ್ರದಿಂದ ಸಿಂಪಡಿಸಿ ಗಟ್ಟಿ ಮಾಡಿದರು. ಅದು ಬಲ್ಲ ಎಂಜಿನಿಯರುಗಳು ಲೆಕ್ಕ ಹಾಕಿ ಗುಮ್ಮಟ ಉಳಿಸಲಿಕ್ಕೆ ಮಾಡಿದ ಕೆಲಸ. ಯಾವುದನ್ನು ಎಲ್ಲಿ ಹಾಕಬೇಕು ಅಂತ ತಿಳಿದು ಹಾಕೂದು ಬೇರೆ, ನನ್ನಂಗ ಕಬ್ಬಿನ ಬಿಲ್ಲು ಬಂತು ಅಂತ ಹಾಕೂದು ಬೇರೆ.

ಕಿಲ್ಲಾರಿಯ ಮಾತನ್ನೂ ಇಲ್ಲಿ ಹೇಳಲೇಬೇಕು. ಅಲ್ಲಿ ಜನರನ್ನು ಕೊಂದದ್ದು ಕಲ್ಲು ಅಂತ ನಾವು ತಿಳಿದೆವು. ಆಮೇಲೆ ತಿಳಿದವರು ಹೇಳಿದ್ದು ಬೇರೆ. ಆ ಗೋಡೆಗಳಿಗೆ ದುಂಡಗಲ್ಲು, ಬರೀ ಕೆಸರು ಮಣ್ಣು. ಹೊರಗಿನ ಸಾಲಿಗೂ ಒಳಗಿನ ಸಾಲಿಗೂ ಅಡ್ಡ ಹಿಡಿಯುವ ಉದ್ದನ್ನ ಕಲ್ಲು ಇರಲಿಲ್ಲ. ಮೇಲೆ ಮಾಳಿಗೆಯ ದಪ್ಪ ಮಣ್ಣಿನ ಭಾರ. ನಡುಗಿದಾಗ ಎರಡು ಸಾಲು ಬಿಚ್ಚಿಕೊಂಡವು. ದೋಷ ಕಟ್ಟಿದ ರೀತಿಯದು. ನಮ್ಮ ಮುತ್ತ್ಯಾನ ಗೋಡೆಯಾಗ ಮೂರು ಫೂಟಿಗೊಂದು ಅಡ್ಡಗಲ್ಲು ಐತಿ. ನಾನು ಎಣಿಸಿ ನೋಡಿದ್ದು 2014ರ ನಂತರ. 1994ರಾಗ ಎಣಿಸಬೇಕಿತ್ತು.

ಈಗ ಗೋಡೆಗೆ ಬರ್ತೀನಿ. 2005ರ ಮಹಾಪೂರದಾಗ ಕೃಷ್ಣೆಯ ನೀರು ನಮ್ಮ ಹೊಸ್ತಿಲು ದಾಟಿ ಒಳಗೆ ಬಂತು. ಒಂದೇ ಗೋಡೆ, ಒಂದೇ ನೀರು, ಅಷ್ಟೇ ದಿನ ನಿಂತಿತು. ನೀರು ಇಳಿದ ಮೇಲೆ ತಮ್ಮನ ಅರ್ಧ ಮುಂದಿನ ಬ್ಯಾಸಗಿಯೊಳಗೆ ಒಣಗಿ ಬೆಳ್ಳಗಾಯಿತು. ಸಂದಿಯಿಂದ ಸ್ವಲ್ಪ ಸುಣ್ಣ ಉದುರಿತು, ಅವ ಮನಿಯಾಗಿನ ಸುಣ್ಣ ಕಲಸಿ ತಾನೇ ತುಂಬಿದ. ನನ್ನ ಅರ್ಧ ಎರಡು ಬ್ಯಾಸಗಿ ಕಳೆದರೂ ಒಳಗೆ ಹಸಿ. ನೀಲಿ ಪೇಂಟು ಬೊಬ್ಬೆ ಎದ್ದಿತು. ಬೊಬ್ಬೆ ಒಡೆದರೆ ಒಳಗೆ ಬಿಳೀ ಸವಳು. 2019ರಾಗ ಮತ್ತೆ ಪೂರ ಬಂತು. ಅದು ಇಳಿದು ಮೂರನೇ ತಿಂಗಳಿಗೆ ಒಂದು ರಾತ್ರಿ ಹಾಸುಗಲ್ಲು ಬಿದ್ದಂಗ ಸಪ್ಪಳ ಆಯಿತು. ಎದ್ದು ನೋಡಿದರೆ ಸಿಮೆಂಟಿನ ಗಿಲಾವು ನಾಕು ಫೂಟು ಅಗಲದ ಹಲಗಿಯಾಗಿ ಬಿದ್ದಿತ್ತು. ಬರೀ ಸಿಮೆಂಟು ಬಿದ್ದಿದ್ದರೆ ಚಿಂತೆ ಇರಲಿಲ್ಲ. ಅದರ ಬೆನ್ನಿಗೆ ಇಟ್ಟಂಗಿಯ ಮುಖವೆಲ್ಲ ಅಂಟಿಕೊಂಡು ಬಂದಿತ್ತು. ಒಳಗಿನ ಇಟ್ಟಂಗಿ ಬೆರಳು ಒತ್ತಿದರೆ ರವಾದಂಗ ಉದುರತಿತ್ತು. ಹಗಲಾಗಿದ್ದರೆ ಆ ಜಾಗದಾಗ ಮೊಮ್ಮಗಳು ಕೂತು ಅಭ್ಯಾಸ ಮಾಡತಿದ್ದಳು.

ತಮ್ಮ ಬಂದು ನೋಡಿದ, ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚಲೋ ಇತ್ತು.

ನಮ್ಮ ಮಕ್ಕಳು ಕೆಡವಿ ಆರ್‌ಸಿಸಿ ಹಾಕೋಣ ಅಂದರು. ಮುಂದೆ ಟೈಲ್ಸು ಹಚ್ಚಿದರೆ ತೊಳೆಯಲಿಕ್ಕೂ ಸಸಾರ ಅಂದರು. ಅವರ ಮಾತಿನಾಗ ಸುಳ್ಳಿಲ್ಲ, ಹೊಸ ಮನಿ ಅವರಿಗೂ ಬೇಕು. ನಾನು ಕೇಳಿಕೊಂಡದ್ದು ಓಣಿಯ ಕಡೆಗಿನ ಈ ಮುಖ ಒಂದನ್ನು ಬಿಡ್ರಿ ಅಂತ. ಹಿಂದೆ ಏನು ಬೇಕಾದ್ದು ಕಟ್ರಿ. ಆ ಮಾತು ನಮ್ಮ ಮನಿಯಾಗ ಇನ್ನೂ ಮುಗಿದಿಲ್ಲ.

ಅಷ್ಟರಾಗ ನಾನು ಸುಮ್ಮನೆ ಕೂತಿಲ್ಲ. ಎರಡು ವರ್ಷದಿಂದ ಹೊಲದ ಕೆಲಸ ಇಲ್ಲದ ದಿನ ಸಣ್ಣ ಉಳಿ, ಸಣ್ಣ ಸುತ್ತಿಗಿ ಹಿಡಿದು ಕಲ್ಲಿನ ಸಂದಿಯ ಸಿಮೆಂಟು ಬಿಡಿಸಲಿಕ್ಕೆ ಹತ್ತೀನಿ. ದಿನಕ್ಕೆ ಒಂದು ಫೂಟು ಆದರೆ ಹೆಚ್ಚು. ಗ್ರೈಂಡರ್ ಮಷೀನು ಹಚ್ಚಿದರೆ ಬೇಗ ಆಗತೈತಿ, ಆದರೆ ಅದು ಕಲ್ಲಿನ ಅಂಚನ್ನೂ ಕೊಯ್ಯತೈತಿ ಅಂತ ಸಿಂದಗಿಯವ ಹೇಳಿದ್ದ. ತೆಗೆದಲ್ಲಿ ಸುಣ್ಣ, ಉಸುಕು, ಇಟ್ಟಂಗಿ ಪುಡಿ ಕಲಸಿ ತುಂಬತೀನಿ, ಬೇಗ ಒಣಗದಂಗ ಒದ್ದೀ ಗೋಣಿ ಚೀಲ ಹೊದಿಸತೀನಿ. ರವಾ ಆದ ಇಟ್ಟಂಗಿ ತೆಗೆದು ಅದೇ ಅಳತೆಯ ಹಳೇ ಇಟ್ಟಂಗಿ ಕೂಡಿಸತೀನಿ. ಬಿದ್ದ ವಾಡೆಗಳ ಇಟ್ಟಂಗಿ ಸಿಗತಾವು. ಈ ವರ್ಷದಿಂದ ತಮ್ಮನೂ ಸಂಜೀ ಮುಂದ ಬಂದು ಸುಣ್ಣ ಕಲಸಿಕೊಡತಾನ.

ಹಾಡಿನಾಗೂ ನಮಗೆ ಇಂಥ ಕೆಲಸ ಬರತೈತಿ. ಗುರುಗಳಿಂದ ಬಂದ ಪದದಾಗ ಒಂದು ನುಡಿ ಮರೆತು ಹೋಗಿರತೈತಿ. ಆ ಜಾಗಕ್ಕೆ ಸಿನಿಮಾ ಧಾಟಿ ತುರುಕಿದರೆ ಮಂದಿ ಒಂದು ಸಲ ಚಪ್ಪಾಳೆ ಹೊಡೀತಾರ, ಆದರೆ ಹಿಂದಿನ ನುಡಿಯೂ ಮುಂದಿನ ನುಡಿಯೂ ಅದರ ಭಾರಕ್ಕೆ ಸಡಿಲ ಆಗತಾವು. ಅದೇ ಧಾಟಿಯಾಗ, ಅದೇ ಪ್ರಾಸದಾಗ ಮೆತ್ತಗೊಂದು ನುಡಿ ಕೂಡಿಸಿದರೆ ಪದ ನಿಲ್ಲತೈತಿ. ಕೂಡಿಸಿದವನ ಹೆಸರು ಯಾರಿಗೂ ತಿಳಿಯೂದಿಲ್ಲ, ತಿಳಿಯೂದೂ ಬ್ಯಾಡ.

ಮಾಸ್ತರರಿಗೆ ನನ್ನದೊಂದು ವಿನಂತಿ. ಇತಿಹಾಸದ ಪಾಠ ಮಾಡುವಾಗ ಹುಡುಗರನ್ನು ಒಂದು ದಿನ ಓಣಿಯಾಗ ತಿರುಗಾಡಸ್ರಿ. ಯಾವ ಗೋಡೆಗೆ ಸುಣ್ಣ, ಯಾವುದಕ್ಕೆ ಸಿಮೆಂಟು, ಎಲ್ಲಿ ಅರಳಿ ಸಸಿ ಎದ್ದೈತಿ, ಎಲ್ಲಿ ಸವಳು ಬಂದೈತಿ ಅಂತ ಬರಕೊಳ್ಳಲಿ. ಊರವರಿಗೂ ಒಂದು ಮಾತು. ಗುಡಿ, ಮಸೂತಿ, ಬಸದಿ, ಚಾವಡಿ ಯಾವುದೇ ಇರಲಿ, ಹಳೇ ಕಲ್ಲಿನ ಮುಖಕ್ಕೆ ಪೇಂಟು ಬಳಿಯುವ, ಟೈಲ್ಸು ಹಚ್ಚುವ, ಸಿಮೆಂಟು ತುಂಬುವ ಮೊದಲು ನಮ್ಮ ಮನಿ ಮುಂದ ಬಂದು ಐದು ನಿಮಿಷ ನಿಂದರ್ರಿ. ಬಾಗಿಲಿನ ಎಡಕ್ಕೆ ನೋಡ್ರಿ, ಬಲಕ್ಕೆ ನೋಡ್ರಿ. ನಾಕು ಕೋಟಿ ಖರ್ಚು ಮಾಡಿ ಮುಂಬೈಯವರು ಕಲಿತ ಪಾಠ ಅಲ್ಲಿ ಪುಕ್ಕಟೆ ಐತಿ. ಬಂದವರಿಗೆ ಚಹಾ ನಮ್ಮ ಕಡೆಯಿಂದ. ಯಾರಿಗೆ ಮನಸ್ಸಿದ್ದರೆ ಒಂದು ಉಳಿ ತರ್ರಿ. ಬಲಗಡೆ ಇನ್ನೂ 11 ಫೂಟು ಉಳಿದೈತಿ.